ಬಸ್ಸಿಗೂ ಗೋಡೆಗೂ ನಡುವೆ

ಕಂಡಕ್ಟರ್ ಕೆಲಸವೆಂದರೆ ಟಿಕೆಟ್ ಕೊಡುವುದು ಅಂತ ಜನ ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ ಬಿಡಿ. ಬಸ್ಸು ಹಿಂದಕ್ಕೆ ಬರುವಾಗ ಇಳಿದು, ಅದರ ಬೆನ್ನ ಹಿಂದೆ ನಿಂತು ಸೀಟಿ ಊದುವುದೂ ನಮ್ಮದೇ ಕೆಲಸ. ಅದನ್ನು ಯಾರೂ ನೋಡುವುದಿಲ್ಲ, ಆ ಹೊತ್ತಿಗೆ ಎಲ್ಲರೂ ಸೀಟು ಹಿಡಿಯುವ ಗದ್ದಲದಲ್ಲಿರುತ್ತಾರೆ. ಸೇಡಂನಿಂದ ಹೊರಟ ನಮ್ಮ ಗಾಡಿ ಬೆಳಿಗ್ಗೆ ಚಿಂಚೋಳಿಗೆ ಹೋಗಿ ಬರುತ್ತದೆ, ಮಧ್ಯಾಹ್ನ ಚಿತ್ತಾಪುರ, ವಾಡಿ ಹಾಯ್ದು ಶಹಾಬಾದ್ ಮುಟ್ಟುತ್ತದೆ. ನಡುನಡುವೆ ಒಳಗಿನ ಹಳ್ಳಿಗಳು. ಹಳ್ಳಿಯೊಳಗೆ ಹೊಕ್ಕ ಬಸ್ಸು ತಿರುಗಬೇಕಲ್ಲ? ಒಂದು ಕಡೆ ಕಟ್ಟೆ, ಇನ್ನೊಂದು ಕಡೆ ಯಾರೋ ರಸ್ತೆಗೇ ಇಳಿಸಿದ ಹೊಸ ಮನೆಯ ಮೆಟ್ಟಿಲು, ನಡುವೆ ಮಲಗಿದ ಎಮ್ಮೆ. ಅಷ್ಟರಲ್ಲೇ ಹಿಂದೆ ಮುಂದೆ ಮಾಡಿ ಗಾಡಿ ಹೊರಳಿಸಬೇಕು.

ನಮ್ಮ ಡ್ರೈವರ್‌ನನ್ನು ನಾನು ಕಾಕಾ ಅನ್ನುತ್ತೇನೆ. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಮೊಣಕಾಲು ಎರಡೂ ಸವೆದಿವೆ, ಸಿಟ್ಟು ಮಾತ್ರ ಸವೆದಿಲ್ಲ. ನಮ್ಮಿಬ್ಬರ ನಡುವೆ ಒಂದು ಕರಾರು. ನಾನು ಬಿಟ್ಟು ಬಿಟ್ಟು ಸೀಟಿ ಊದಿದರೆ ಬರಬೇಕು, ಉದ್ದಕ್ಕೆ ಒಂದೇ ಊದಿದರೆ ನಿಲ್ಲಬೇಕು. ಕನ್ನಡಿಯಲ್ಲಿ ಗಾಡಿಯ ಎರಡು ಬದಿ ಕಾಣುತ್ತವೆ, ನೇರ ಹಿಂದಿನದು ಕಾಣುವುದಿಲ್ಲ. ಅಲ್ಲಿ ಅವರಿಗೆ ನನ್ನ ಸೀಟಿಯೇ ಗತಿ. ಆ ಸೀಟಿಯ ಮೇಲಿನ ಅವರ ನಂಬಿಕೆ ಒಂದು ದಿನ ಹೋಯಿತು. ಅದನ್ನು ತಿರುಗಿ ಪಡೆಯಲು ನಾನು ಪಟ್ಟ ಪಾಡು ಇದು. ದೊಡ್ಡ ಕತೆಯೇನಲ್ಲ. ಬಸ್ಸಿನಲ್ಲಿ ನಿಂತೇ ದಣಿದ ಕಾಲು, ಈಗ ಕುಂತು ಹೇಳಲು ಸ್ವಲ್ಪ ಸಮಯ ಸಿಕ್ಕಿದೆ, ಹೇಳಿಬಿಡುತ್ತೇನೆ.

ಹೈಸ್ಕೂಲಿನ ದಿನಗಳಿಂದ ನಾನು ಎಡವಟ್ಟು ಹುಡುಗಿ ಅಂತಲೇ ಲೆಕ್ಕ. ಬಟ್ಟಲಿಗೆ ಸುರಿದ ಚಹಾ ಬಟ್ಟಲಿನ ಮಗ್ಗುಲಿಗೆ ಬೀಳುತ್ತಿತ್ತು. ಸೂಜಿಗೆ ದಾರ ಪೋಣಿಸುವುದು ನನ್ನ ಜನ್ಮದಲ್ಲಿ ಆಗದ ಮಾತು. ಕುರಕುಂಟಾದ ನನ್ನ ತವರುಮನೆಯ ಹೊಸ್ತಿಲು ನನ್ನ ಹೆಬ್ಬೆರಳನ್ನು ಎಷ್ಟು ಸಲ ಕಚ್ಚಿದೆಯೋ ದೇವರೇ ಬಲ್ಲ. ಕಣ್ಣು ತುರಿಸುತ್ತಿತ್ತು, ಮುಷ್ಟಿ ಕಟ್ಟಿ ಗಸಗಸ ತಿಕ್ಕುತ್ತಿದ್ದೆ. ಅವ್ವ ಕೈ ಮೇಲೆ ಹೊಡೆದು ಬಿಡಿಸುತ್ತಿದ್ದಳು. ನೌಕರಿ ಸೇರುವಾಗ ಎಡಗಣ್ಣು ಇಷ್ಟು ಕೆಟ್ಟಿರಲಿಲ್ಲ. ಆಮೇಲೆ ಅದು ಮೆಲ್ಲಗೆ ಕೆಡುತ್ತ ಹೋಯಿತು, ಬಲಗಣ್ಣು ಅದರ ಪಾಲಿನದನ್ನೂ ನೋಡುತ್ತ ಹೋಯಿತು, ನನಗೆ ಗೊತ್ತೇ ಆಗಲಿಲ್ಲ. ಅಕ್ಷರ ಓದುತ್ತಿದ್ದೆ, ದೂರದ ಬೋರ್ಡು ಓದುತ್ತಿದ್ದೆ. ಕಣ್ಣು ಸರಿ ಇದೆ ಅನ್ನಲು ಇನ್ನೇನು ಬೇಕು?

ಆದರೆ ಚಾಚಿದ ಕೈಗೆ ಚಿಲ್ಲರೆ ಹಾಕಿದರೆ ಅದು ಬೆರಳ ತುದಿಗೆ ಬಡಿದು ಸೀಟಿನ ಕೆಳಗೆ ಉರುಳುತ್ತಿತ್ತು. ಹೆಂಗಸರ ಪುಕ್ಕಟೆ ಟಿಕೆಟ್ ಹರಿದು ಕೊಟ್ಟರೆ ಅವರ ಕೈ ಒಂದು ಕಡೆ, ನನ್ನ ಟಿಕೆಟ್ ಒಂದು ಕಡೆ. ಕೋಡ್ಲಾದಲ್ಲಿ ಹತ್ತುವ ಒಬ್ಬ ಮುದುಕಿ ದಿನಾ ನಗುತ್ತಿದ್ದಳು.

"ಕಂಡಕ್ಟರಬಾಯಿ, ಗಾಳಿಗಿ ಟಿಕೆಟ್ ಕೊಡಾಕತ್ತೀಯೇನ? ಗಾಳಿ ಎಲ್ಲಿ ಇಳೀತದಂತ?"

"ನಿನ್ನ ಊರಾಗೇ ಇಳೀತದ, ಸುಮ್ಮ ಕುಂದ್ರು ಆಯಿ," ಅನ್ನುತ್ತಿದ್ದೆ. ಬಾಯಿ ಜೋರಿದ್ದರೆ ಕೈ ತಪ್ಪಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಗಾಡಿ ಹಿಂದಕ್ಕೆ ತೆಗೆಸಲು ನನ್ನದೇ ಒಂದು ಪದ್ಧತಿ ಇತ್ತು. ಬಸ್ಸಿನ ಬೆನ್ನಿಗೆ ಒಂದು ಅಂಗೈ ಒತ್ತಿ ಹಿಡಿಯುವುದು. ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿಕೊಂಡು, ಸೀಟಿ ಊದುತ್ತ ಬಸ್ಸಿನ ಜೊತೆ ಹಿಂದೆ ಹಿಂದೆ ಸರಿಯುವುದು. ಹಿಂದಿನ ಕೈಗೆ ಗೋಡೆ ಸಿಕ್ಕಿತು, ಮೊಣಕೈ ಬಾಗಲು ಶುರುವಾಯಿತು ಅಂದರೆ ಉದ್ದ ಸೀಟಿ. ಒಂದು ಗೋಡೆಗೂ ಗಾಡಿ ತಾಗಿಸಿದವಳಲ್ಲ ನಾನು. ಹಿಂದೆ ಜಾಗ ಎಷ್ಟಿದೆ ಅನ್ನುವುದು ಕೈಗೆ ತಿಳಿಯುವ ಸಂಗತಿ ಅಂತಲೇ ನನ್ನ ತಿಳುವಳಿಕೆ. ಎಲ್ಲ ಕಂಡಕ್ಟರುಗಳೂ ಹೀಗೇ ಮಾಡುತ್ತಾರೆ ಅಂದುಕೊಂಡಿದ್ದೆ. ನೇರ ಹಿಂದೆ ನಿಂತವಳು ಕನ್ನಡಿಗೆ ಕಾಣುವುದಿಲ್ಲವಲ್ಲ, ಕಾಕಾಗೂ ಇದು ಗೊತ್ತಿರಲಿಲ್ಲ.

ಶಹಾಬಾದಿನಲ್ಲಿ ನಾವು ಗಾಡಿ ತಿರುಗಿಸುವ ಜಾಗದಲ್ಲಿ ಫರಸಿ ಕಲ್ಲಿನ ಥಪ್ಪಿಗಳು. ಕೊಯ್ದ ಹಾಸುಗಲ್ಲುಗಳನ್ನು ಒಂದರ ಮೇಲೊಂದು ಒಟ್ಟಿ ಎದೆಮಟ್ಟ ನಿಲ್ಲಿಸಿರುತ್ತಾರೆ. ಆ ದಿನ ಯಾರೋ ಹೊಸದಾಗಿ ಒಟ್ಟಿದ್ದರು, ಕೆಳಗಿನ ಕಲ್ಲುಗಳು ಮುಂದಕ್ಕೆ ಚಾಚಿದ್ದವು, ಮೇಲಿನವು ಹಿಂದಿದ್ದವು. ನನ್ನ ಕೈ ಮೇಲಿನ ಕಲ್ಲನ್ನು ಹುಡುಕುತ್ತಿತ್ತು. ಅದು ಸಿಗುವ ಮೊದಲೇ ಕೆಳಗಿನ ಕಲ್ಲು ಸೊಂಟಕ್ಕೆ ಬಂದು ಕುಂತಿತು. ಮುಂದೆ ಬಸ್ಸು. ಎಪ್ಪಾ ಅಂತ ಬಾಯಿ ತೆರೆದೆ, ಸೀಟಿ ಕೆಳಗೆ ಬಿತ್ತು. ಹಿಂದಿನ ಗಾಜಿನಿಂದ ಯಾರೋ ಹೆಂಗಸು ನೋಡಿದಳು, ಅದೊಂದು ಪುಣ್ಯ.

"ಏ ಡ್ರೈವರಾ, ನಿಲ್ಲಸೋ! ಹೆಣ್ಮಗಳು ಸಿಕ್ಕಾಳ, ನಿಲ್ಲಸೋ!"

ಬಸ್ಸು ನಿಂತಿತು. ಎದೆಗೆ ತಾಗಿ ನಿಂತಿತು. ನನ್ನ ಖಾಕಿ ಕೋಟಿನ ಮೇಲಿನ ಗುಂಡಿ ಕಿತ್ತು ಹೋಯಿತು, ಅಷ್ಟೇ. ಗಾಡಿ ಮುಂದಕ್ಕೆ ಸರಿಸಿ ಕಾಕಾ ಇಳಿದು ಬಂದರು. ಬೈಯುತ್ತಾರೆ ಅಂತ ನಾನೂ ಉತ್ತರ ತಯಾರು ಮಾಡಿಕೊಂಡೆ. ಅವರ ಮುಖ ನೋಡಿದರೆ ಬೈಯುವ ಶಕ್ತಿಯೇ ಇರಲಿಲ್ಲ.

"ನಡುವ ಯಾಕ ನಿಂತಿದ್ದಿ ಮಗಳ?"

"ಮತ್ತೆಲ್ಲಿ ನಿಲ್ಲಬೇಕ್ರಿ?"

"ಬದಿಗಿ. ಬದಿಗಿ ನಿಂತು ನೋಡಬೇಕು."

"ಬದಿಗಿ ನಿಂತ್ರ ಹಿಂದ ಎಷ್ಟ ಜಾಗ ಅದ ಅಂತ ಹ್ಯಾಂಗ ಗೊತ್ತಾಗಬೇಕ್ರಿ ಕಾಕಾ?"

ಅವರು ನನ್ನನ್ನೇ ನೋಡಿದರು. "ಕಣ್ಣಿಲೆ ಗೊತ್ತಾಗ್ತದ," ಅಂದರು.

"ಸುಳ್ಳ," ಅಂದೆ ನಾನು. ಜಗಳಕ್ಕೆ ಅಂದದ್ದಲ್ಲ, ನಿಜಕ್ಕೂ ಅದು ಸುಳ್ಳು ಅಂತಲೇ ನನಗೆ ಅನ್ನಿಸಿತ್ತು.

ಕಾಕಾ ತಮ್ಮ ಅಂಗೈಯಿಂದ ನನ್ನ ಬಲಗಣ್ಣು ಮುಚ್ಚಿ, "ಗಾಡಿ ನಂಬರ್ ಓದು," ಅಂದರು. ನಂಬರ್ ಎಲ್ಲಿತ್ತು? ಒಂದೊಂದು ಅಂಕಿಗೆ ಮೂರು ನಾಲ್ಕು ನೆರಳು, ಒಂದರ ಮೇಲೊಂದು ಕೆಳಗೆ ಇಳಿದು ಹರಡಿಕೊಂಡಿದ್ದವು. ಇಷ್ಟು ವರ್ಷ ಎರಡೂ ಕಣ್ಣು ತೆರೆದೇ ಬದುಕಿದವಳು ನಾನು, ಒಂದನ್ನು ಮುಚ್ಚಿ ನೋಡುವ ಪುರುಸೊತ್ತು ಯಾರಿಗಿತ್ತು?

"ದವಾಖಾನಿಗಿ ತೋರಸು," ಅಂತ ಹೇಳಿ ಕಾಕಾ ಹೋಗಿ ಸ್ಟೇರಿಂಗ್ ಹಿಡಿದು ಕುಂತರು. ಗಾಡಿ ಶುರು ಮಾಡಲು ಭಾಳ ಹೊತ್ತು ತೆಗೆದುಕೊಂಡರು.

ಮರುದಿನದಿಂದ ಅವರು ನನ್ನ ಸೀಟಿ ನಂಬುವುದನ್ನು ಬಿಟ್ಟರು. ಗಾಡಿ ತಿರುಗಿಸುವಲ್ಲೆಲ್ಲ ಇಂಜಿನ್ ಬಂದ್ ಮಾಡಿ, ಆ ಸವೆದ ಮೊಣಕಾಲು ಹಿಡಿದುಕೊಂಡು ಕೆಳಗಿಳಿದು, ಹಿಂದೆ ಬಂದು ನೋಡಿ, ತಿರುಗಿ ಹತ್ತಿ, ಆಮೇಲೆ ಗಾಡಿ ತೆಗೆಯುವುದು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಸಹಿಸುತ್ತಿದ್ದೆ. ಸೀಟಿ ಕೊರಳಲ್ಲಿ ಜೋತು ಬಿದ್ದಿರುತ್ತಿತ್ತು, ನಾನು ಅದರ ಹಿಂದೆ ನಾಚಿ ನಿಂತಿರುತ್ತಿದ್ದೆ. ಜನ ಒಳಗಿಂದ ಕೂಗುತ್ತಿದ್ದರು, ಯಾಕ ತಡಾ, ಹೊಲದ ಕೆಲಸ ಅದ, ಕಂಡಕ್ಟರ್ ಏನ್ ಮಾಡಾಕತ್ತಾಳ ಅಂತ.

ಕಲಬುರಗಿಯ ಕಣ್ಣಿನ ಡಾಕ್ಟರ್ ನನಗಿಂತ ಸಣ್ಣ ವಯಸ್ಸಿನ ಹೆಣ್ಣುಮಗಳು. ಯಂತ್ರದಲ್ಲಿ ಗದ್ದ ಇಡಿಸಿ ಎರಡೂ ಕಣ್ಣು ನೋಡಿದ ಮೇಲೆ, ನನಗೊಂದು ಕರಿ ಚಸ್ಮಾ ಹಾಕಿ, ಮುಂದೆ ಒಂದು ಪುಸ್ತಕ ಹಿಡಿದರು. ಅದರ ತುಂಬ ಒಂದು ದೊಡ್ಡ ನೊಣದ ಚಿತ್ರ. ಥೂ, ಬೆಳಿಗ್ಗೆ ಬೆಳಿಗ್ಗೆ!

"ಅದರ ರೆಕ್ಕಿ ಹಿಡೀರಿ ಅಕ್ಕಾ."

"ಚಿತ್ರದಾಗಿನ ನೊಣಾ ಹ್ಯಾಂಗ ಹಿಡೀಬೇಕ್ರಿ ಮೇಡಂ?" ಅನ್ನುತ್ತ ಹಾಳೆಯನ್ನೇ ಚಿವುಟಿದೆ.

"ಎರಡೂ ಕಣ್ಣ ಕೂಡಿ ನೋಡೋರಿಗಿ ಆ ರೆಕ್ಕಿ ಹಾಳಿಯಿಂದ ಮ್ಯಾಲ ಎದ್ದಂಗ ಕಾಣ್ತದ್ರಿ," ಅಂದರು. ಆಮೇಲೆ ಸಮಾಧಾನವಾಗಿ ತಿಳಿಸಿದರು. ಕಣ್ಣಿನ ಮೇಲೆ ಗಾಜಿನಂಥ ಭಾಗವೊಂದಿದೆ, ಕಾರ್ನಿಯಾ ಅಂತ, ಅದು ದುಂಡಗಿರಬೇಕು. ನನ್ನದು ತೆಳ್ಳಗಾಗಿ ಮುಂದಕ್ಕೆ ಚೂಪಾಗಿದೆ, ಬಲಗಣ್ಣಿನಲ್ಲಿ ಸ್ವಲ್ಪ, ಎಡಗಣ್ಣಿನಲ್ಲಿ ಭಾಳ. "ಎರಡೂ ಕಣ್ಣಿಂದ ಸಾಫ್ ಚಿತ್ರ ಬಂದ್ರ ಮಾತ್ರ ಯಾವುದು ಹತ್ರ, ಯಾವುದು ದೂರ ಅಂತ ಬರೋಬ್ಬರಿ ತಿಳೀತದ. ನಿಮ್ಮ ಎಡಗಣ್ಣಿಂದು ಕೆಟ್ಟ ಚಿತ್ರ ಅಂತ ತಲಿ ಅದನ್ನ ಬಿಟ್ಟುಬಿಟ್ಟದ. ಬಲಗಣ್ಣು ಒಂದೇ ದುಡೀಲಿಕತ್ತದ."

"ಮನ್ಯಾಗ ನಂದೂ ಹಂಗೇ ಅದರಿ," ಅಂದೆ. ಅವರು ನಕ್ಕರು. ಹೊರಗೆ ಕುಂತಿದ್ದ ನನ್ನ ಗಂಡನಿಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ಚಿಂತೆಯಿರಲಿಲ್ಲ.

ಬರೀ ಚಸ್ಮಾದಿಂದ ಆಗುವುದಿಲ್ಲವಂತೆ, ಅದು ಅಂಕುಡೊಂಕಾದ ಕಣ್ಣನ್ನು ಪೂರಾ ತಿದ್ದಲಾರದು. ಗಟ್ಟಿ ಲೆನ್ಸ್ ಹಾಕಿದರೆ ಕೆಟ್ಟ ಮೈಯ ಮೇಲೆ ದುಂಡನೆಯ ಹೊಸ ಮೈ ಕೂಡಿಸಿದ ಹಾಗೆ. ನನ್ನ ವಯಸ್ಸಿಗೆ ರೋಗ ಇನ್ನು ಹೆಚ್ಚುವುದು ಕಡಿಮೆ, ಆದರೆ ಕಣ್ಣು ತಿಕ್ಕುವುದನ್ನು ಮಾತ್ರ ಬಿಡಲೇಬೇಕು. "ಎಲ್ಲಾರಂಗ ಪೂರಾ ಆಗ್ತದಂತ ಮಾತು ಕೊಡಂಗಿಲ್ರಿ. ಸುಧಾರಸ್ತದ. ತ್ರಾಸ ತಗೋಬೇಕು," ಅಂದರು.

ತ್ರಾಸ! ಆ ಶಬ್ದದೊಳಗೆ ಏನೇನು ಇತ್ತೋ ಆಗ ನನಗೇನು ಗೊತ್ತು.

ಕೆಲವು ವಾರಗಳ ಮೇಲೆ ಎಡಗಣ್ಣಿಗೆ ಅಳತೆಯ ಲೆನ್ಸ್ ಬಂತು. ಕಣ್ಣೊಳಗೆ ಉಸುಕಿನ ಹರಳು ಬಿದ್ದ ಹಾಗೆ, ನೀರು ಧಾರಾಕಾರ. ನೀರು ನಿಂತ ಮೇಲೆ ಮೇಡಂ ಮತ್ತೆ ಅದೇ ನೊಣ ಹಿಡಿದರು. ನಾನು ಚಿವುಟಲು ಹೋದೆ. ಬೆರಳು ಹಾಳೆಗೆ ಮುಟ್ಟುವ ಮೊದಲೇ, ಅರ್ಧ ದಾರಿಯಲ್ಲಿ ತಾವಾಗಿ ನಿಂತವು. ರೆಕ್ಕೆ ಅಲ್ಲಿತ್ತು! ಪೂರ್ತಿ ಅಲ್ಲ, ಸ್ವಲ್ಪ ಎದ್ದಿತ್ತು, ಆದರೆ ಹಾಳೆ ಬಿಟ್ಟು ಎದ್ದಿತ್ತು. ಮೈ ಜುಮ್ಮೆಂದಿತು, ಕೈ ಹಿಂದಕ್ಕೆ ಎಳೆದುಕೊಂಡೆ.

ಸಂತೋಷವಾಯಿತು ಅಂತ ಹೇಳಬೇಕೇನೋ. ಆಗಲಿಲ್ಲ. ದವಾಖಾನೆಯ ಮೆಟ್ಟಿಲು ಇಳಿಯುವಾಗ ಒಂದೊಂದು ಮೆಟ್ಟಿಲೂ ಬಾವಿಯ ಹಾಗೆ ಕಂಡಿತು, ಗೋಡೆ ಹಿಡಿದುಕೊಂಡು ಮಕ್ಕಳ ಹಾಗೆ ಇಳಿದೆ. ಹೊರಗೆ ಬೇವಿನ ಗಿಡ ನೋಡಿದರೆ ಒಂದು ಟೊಂಗೆ ಮುಂದೆ, ಒಂದು ಹಿಂದೆ, ನಡುವೆ ಖಾಲಿ ಜಾಗ. ಗಿಡದೊಳಗೆ ಇಷ್ಟು ಖಾಲಿ ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ತಲೆನೋವು ಬಂದು ಊರಿನ ತನಕ ಕಣ್ಣು ಮುಚ್ಚಿಕೊಂಡೇ ಬಂದೆ.

ಆಮೇಲೆ ಶುರುವಾಯಿತು ನೋಡಿ ದಿನದ ಗೋಳು. ಬೆಳಿಗ್ಗೆ ರೊಟ್ಟಿ ಬಡಿದ ಕೈ ತಿಕ್ಕಿ ತೊಳೆದು ಲೆನ್ಸ್ ಹಾಕಬೇಕು, ಖಾರ ಮುಟ್ಟಿದ ಬೆರಳಾದರೆ ಸತ್ತೆ. ಚಿಂಚೋಳಿಯ ದಾರಿ ಪರವಾಗಿಲ್ಲ. ವಾಡಿ ಬಂದಿತೆಂದರೆ ಸಿಮೆಂಟಿನ ಧೂಳು, ಶಹಾಬಾದಿಗೆ ಹೋದರೆ ಕಲ್ಲಿನ ಧೂಳು, ಬೇಸಿಗೆಯ ಬಿಸಿಗಾಳಿ ಇವೆರಡನ್ನೂ ಕಿಟಕಿಯಿಂದ ಒಳಗೆ ಹೊತ್ತು ತರುತ್ತದೆ. ಲೆನ್ಸಿನ ಕೆಳಗೆ ಒಂದು ಕಣ ಹೊಕ್ಕರೆ ಪ್ರಾಣವೇ ಹೋದ ಹಾಗೆ. ತಿಕ್ಕುವ ಹಾಗಿಲ್ಲ. ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ, ನಾನೇ ಅದಕ್ಕೆ ಹೊಡೆದು ಇಳಿಸಬೇಕು. ಬಸ್‌ಸ್ಟ್ಯಾಂಡಿನ ನಳದಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಮನೆಯಿಂದ ತಂದ ಬಾಟಲಿಯ ನೀರಲ್ಲಿ ಕೈ ತೊಳೆದು, ಸಣ್ಣ ರಬ್ಬರಿನ ಕುಪ್ಪಿಯಿಂದ ಲೆನ್ಸ್ ಹೀರಿ ತೆಗೆದು, ಔಷಧದ ನೀರಿನಿಂದ ತೊಳೆದು ಮತ್ತೆ ಹಾಕಬೇಕು. ಒಳಗೆ ಜನ ಕೂಗುತ್ತಿರುತ್ತಾರೆ. ಸಂಜೆಗೆ ಕಣ್ಣು ಕೆಂಪಾಗಿ, ಅತ್ತು ಬಂದಳೇನೋ ಅಂತ ಓಣಿಯವರು ಕೇಳುವಂತಾಗುತ್ತಿತ್ತು. ಎಷ್ಟೋ ಸಲ ಅನ್ನಿಸಿದೆ: ಯಾಕಾದರೂ ಬೇಕು ಈ ಕಾಣುವ ಕಾಟ, ಕಾಣದೆ ಹಾಯಾಗಿದ್ದೆನಲ್ಲ ಅಂತ.

ಆದರೂ ಬಿಡಲಿಲ್ಲ. ಕಾಕಾ ಇಳಿಯುವುದನ್ನು ನಿಲ್ಲಿಸಬೇಕಿತ್ತು ನನಗೆ, ಅದೊಂದೇ ಹಟ. ತಿಂಗಳುಗಳು ಕಳೆದವು. ಚಿಲ್ಲರೆ ಜನರ ಅಂಗೈಗೇ ಬೀಳತೊಡಗಿತು. ಕೋಡ್ಲಾದ ಮುದುಕಿಗೆ ನಗಲು ಕಾರಣವಿಲ್ಲದಂತಾಯಿತು. ಹಳ್ಳಿಗಳಲ್ಲಿ ಬದಿಗೆ ನಿಂತು ನೋಡಿದರೆ ನಿಂತ ಬಸ್ಸಿಗೂ ಗೋಡೆಗೂ ನಡುವಿನ ಜಾಗ ನನಗೆ ಕಾಣುತ್ತಿತ್ತು. ನಾನು ಸೀಟಿ ಬಾಯಿಗೆ ಇಡುತ್ತಿದ್ದೆ. ಕಾಕಾ ಮಾತ್ರ ಇಂಜಿನ್ ಬಂದ್ ಮಾಡಿ ಬಾಗಿಲು ತೆಗೆಯುತ್ತಿದ್ದರು.

ಗುಂಡಗುರ್ತಿಯಲ್ಲಿ ಒಂದು ದಿನ ನನ್ನ ತಾಳ್ಮೆ ಹರಿಯಿತು. "ಕಾಕಾ, ನನಗ ಈಗ ಕಾಣ್ತದ್ರಿ. ಎಷ್ಟ ಸಲ ಹೇಳಬೇಕು? ನನ್ನ ಮ್ಯಾಲ ಯಾಕ ಇಷ್ಟ ಸಿಟ್ಟು?"

ಅವರು ಗಾಡಿಗೆ ಒರಗಿ ನಿಂತು ಮೊಣಕಾಲು ಒತ್ತಿಕೊಂಡರು.

"ಸಿಟ್ಟೆಲ್ಲಿಂದ ಬಂತವ್ವಾ. ರಿವರ್ಸ್ ಗೇರ್ ಹಾಕಿದ್ರ ನನ್ನ ಕಾಲು ನಡಗ್ತದ. ಅವತ್ತ ನೀ ಆ ಕಲ್ಲಿಗಿ ಅಂಟಿ ನಿಂತಿದ್ದು ಕಣ್ಣ ಮುಂದ ಬರ್ತದ. ಇನ್ನೊಂದು ಗೇಣ ಹಿಂದ ಬಂದಿದ್ರ ನಿನ್ನ ಮಕ್ಕಳಿಗಿ ನಾ ಏನಂತ ಹೇಳ್ತಿದ್ದೆ?"

ಇಷ್ಟು ದಿನ ನನ್ನ ಸೀಟಿಯ ಮರ್ಯಾದೆಯದೇ ಚಿಂತೆ ನನಗೆ. ಈ ಮನುಷ್ಯ ಪ್ರತಿ ಊರಿನಲ್ಲೂ ನನ್ನನ್ನು ಕೊಲ್ಲದೆ ಉಳಿಯಲು ಕೆಳಗಿಳಿಯುತ್ತಿದ್ದಾರೆ ಅಂತ ನನ್ನ ಮಂದಬುದ್ಧಿಗೆ ಹೊಳೆದಿರಲಿಲ್ಲ.

ಮಳೆಗಾಲ ಶುರುವಾಗುವ ಮುಂಚಿನ ಮಾತು. ವಾಡಿಯಲ್ಲಿ ಎದ್ದ ಸುಂಟರಗಾಳಿ ಬಸ್ಸಿನೊಳಗೇ ಸುತ್ತಿ ಹೋಯಿತು. ಎಡಗಣ್ಣು ಉರಿದು ಹೋಯಿತು, ಲೆನ್ಸ್ ತೆಗೆದು ಡಬ್ಬಿಗೆ ಹಾಕಿದೆ. ಕಣ್ಣು ಕೆಂಡ, ಮತ್ತೆ ಹಾಕುವ ಪ್ರಶ್ನೆಯೇ ಇರಲಿಲ್ಲ. ಹಾಗೇ ಶಹಾಬಾದ್ ಮುಟ್ಟಿದೆವು. ತಿರುಗಿಸುವ ಜಾಗದಲ್ಲಿ ಅವೇ ಕಲ್ಲಿನ ಥಪ್ಪಿಗಳು. ನಾನು ಇಳಿದೆ, ಕಾಕಾ ಇಳಿಯುವುದನ್ನು ಕಾಯುತ್ತ ನಿಂತೆ. ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದ ಅವರ ತಲೆ ಹೊರಗೆ ಬಂತು.

"ಮಗಳ, ಕಾಲು ಪೂರಾ ಬಾತದ, ಇಳಿಲಿಕ್ಕಾಗವಲ್ದು. ಇವತ್ತ ನೀನೇ ನೋಡು. ಈಗ ಕಾಣ್ತದಲ್ಲ ನಿನಗ?"

ಎಷ್ಟು ತಿಂಗಳಿಂದ ಕಾಯುತ್ತಿದ್ದ ಮಾತು! ಹಾಳಾದ್ದು, ಬಂದೂ ಬಂದೂ ಆ ದಿನವೇ ಬರಬೇಕೇ? ಹ್ಞೂಂ ಅಂದುಬಿಡಲೇ ಅನ್ನಿಸಿತು. ಜಾಗ ನನಗೆ ಗೊತ್ತಿದ್ದದ್ದೇ, ಅಂದಾಜಿನ ಮೇಲೆ ಊದಬಹುದಿತ್ತು. ಇಲ್ಲವೆಂದರೆ ಈ ಮನುಷ್ಯ ಇನ್ನು ಯಾವತ್ತೂ ಕೇಳುವುದಿಲ್ಲ ಅನ್ನುವುದೂ ಖಾತ್ರಿ ಇತ್ತು. ಬಸ್ಸಿನ ಬೆನ್ನು ನೋಡಿದೆ, ಕಲ್ಲು ನೋಡಿದೆ. ಎರಡೂ ಒಂದೇ ಹಾಳೆಯ ಮೇಲೆ ಬರೆದ ಹಾಗೆ ಇದ್ದವು. ಹೋಗಿ ಕಿಟಕಿಯ ಕೆಳಗೆ ನಿಂತೆ.

"ಇಲ್ಲ ಕಾಕಾ. ಇವತ್ತ ಲೆನ್ಸ್ ಇಲ್ಲ. ನನಗ ಗೊತ್ತಾಗಂಗಿಲ್ಲ."

ಮುಖ ತಿರುಗಿಸಿದೆ. ಕಾಕಾ ಬಾಗಿಲು ತೆಗೆದು, ನನ್ನ ಹೆಗಲು ಹಿಡಿದು, ಅಯ್ಯಯ್ಯೋ ಅನ್ನುತ್ತ ಇಳಿದರು, ಕುಂಟುತ್ತ ಹೋಗಿ ನೋಡಿದರು, ಕುಂಟುತ್ತ ಬಂದು ಹತ್ತಿದರು. ಆ ನೋವು ನನ್ನಿಂದಲೇ ಅವರಿಗೆ ಅಂತ ನನಗೆ ನೆಲ ಸೇರುವಷ್ಟು ಬೇಜಾರಾಯಿತು. ಸೇಡಂ ಮುಟ್ಟುವ ತನಕ ನಾನು ಸೀಟಿನ ಕಂಬಿಗೆ ಒರಗಿಯೇ ಟಿಕೆಟ್ ಕೊಟ್ಟೆ.

ಕಾಕಾ ವಾರ ರಜೆ ಹಾಕಿ, ಬಾವು ಇಳಿದ ಮೇಲೆ ಬಂದರು. ಆ ಬೆಳಿಗ್ಗೆ ಮೊದಲು ಗಾಡಿ ತಿರುಗಿಸಬೇಕಾದದ್ದು ಕುರಕುಂಟಾದಲ್ಲಿ. ನನ್ನ ಕಣ್ಣಿನ ಕೆಂಪು ಇಳಿದಿತ್ತು, ಲೆನ್ಸ್ ಹಾಕಿದ್ದೆ. ಇಳಿದು ಹಿಂದೆ ಹೋಗಿ, ಬದಿಗೆ ನಿಂತು, ರೂಢಿಯಂತೆ ಅವರ ಬಾಗಿಲಿನ ಸದ್ದಿಗೆ ಕಾದೆ. ಸದ್ದು ಬರಲಿಲ್ಲ. ಇಂಜಿನ್ ಬಂದ್ ಆಗಲೂ ಇಲ್ಲ.

ಕಾಕಾ ಕಿಟಕಿಯಿಂದ ಕೂಗಿದರು, "ಇವತ್ತ?"

"ಅದ ಕಾಕಾ!" ಅಂದೆ.

"ಹಂಗಾರ ಊದು!"

ಬಿಟ್ಟು ಬಿಟ್ಟು ಊದಿದೆ. ಬಸ್ಸು ಬಂತು. ಅಯ್ಯೋ ಯವ್ವಾ, ಅದು ಬರುವುದನ್ನು ಅಲ್ಲಿಯ ತನಕ ನಾನು ಬದಿಗೆ ನಿಂತು ನೋಡೇ ಇರಲಿಲ್ಲ! ಕಾಕಾ ಇಳಿದು ನೋಡಿ ತೆಗೆಯುತ್ತಿದ್ದ ದಿನಗಳಲ್ಲಿ ನಾನು ಸಿಟ್ಟಿಗೆ ಬೇರೆ ಕಡೆ ತಿರುಗಿ ನಿಲ್ಲುತ್ತಿದ್ದೆ. ಅಷ್ಟು ದೊಡ್ಡ ಕಬ್ಬಿಣದ ಬೆನ್ನು ಗೋಡೆಯ ಕಡೆಗೆ ಬರುತ್ತಿತ್ತು, ನಡುವಿನ ಜಾಗ ನನ್ನ ಕಣ್ಣೆದುರಿಗೇ ಸಣ್ಣದಾಗುತ್ತಿತ್ತು, ಎರಡು ಆಳುದ್ದ, ಒಂದೂವರೆ ಆಳುದ್ದ, ಆಮೇಲೆ ಸರಿಯಾಗಿ ಒಬ್ಬಳು ಹೆಣ್ಣುಮಗಳು ಎರಡೂ ಕೈ ಚಾಚಿ ನಿಲ್ಲುವಷ್ಟು. ಜೀವ ಬಾಯಿಗೆ ಬಂತು. ಉಸಿರು ಇದ್ದಷ್ಟೂ ಉದ್ದಕ್ಕೆ ಊದಿದೆ.

ಬಸ್ಸು ನಿಂತಿತು.

"ಏ, ಇನ್ನೂ ಒಂದು ಬಂಡಿ ಹೋಗೋ ಅಷ್ಟ ಜಾಗ ಇರಬೇಕಲ್ಲ ಹಿಂದ!" ಕಾಕಾ ಕೂಗಿದರು.

"ಇರಲಿ! ಅಲ್ಲಿಗೇ ಸಾಕು, ಮುಂದ ತಗೋರಿ!"

ಗೋಡೆ ಹಿಡಿದುಕೊಂಡೆ. ಆ ಖಾಲಿ ಜಾಗವನ್ನು ನೋಡಿದೆ. ಇಷ್ಟು ವರ್ಷ, ದಿನಾ, ಊರೂರಿಗೆ, ನಾನು ಅದರೊಳಗೆ ನಿಂತಿದ್ದೆ.